ಹೊಸ್ತಿಲಾಚೆ ನಿಂತ ಮೊಮ್ಮಗ

ಮೊನ್ನೆ ಮನೆಯಲ್ಲಿ ಅಕ್ಕನ ಮಗಳು 'ಕುಕ್ಕೂ ಕುಕ್ಕೂ' ಅಂತ ಕುಣಿಯುತ್ತಿದ್ದಳು. ನಾಲ್ಕು ವರ್ಷದ ಹುಡುಗಿ. ಈ ಹಾಡು ಬಂದಾಗ ಅವಳಿನ್ನೂ ಹುಟ್ಟಿರಲಿಲ್ಲ. ಯಾವ ಹಾಡು ಅಂತ ನಿಮಗೆಲ್ಲ ಗೊತ್ತಾಗಿರುತ್ತದೆ. 'ಎಂಜಾಯ್ ಎಂಜಾಮಿ'. 2021ರ ಮಾರ್ಚ್ 7ರಂದು ಬಂದ ತಮಿಳು ಹಾಡು. ಯಾವ ಸಿನಿಮಾದ್ದೂ ಅಲ್ಲ. ಸ್ವತಂತ್ರ ಕಲಾವಿದರಿಗಾಗಿ ಎ.ಆರ್. ರೆಹಮಾನ್ ಬೆಂಬಲದಲ್ಲಿ ಶುರುವಾದ ವೇದಿಕೆಯೊಂದು ಇದನ್ನು ಹೊರತಂದಿತ್ತು. ಯೂಟ್ಯೂಬ್‌ನಲ್ಲಿ 40 ಕೋಟಿಗೂ ಜಾಸ್ತಿ ಸಲ ಜನ ಇದನ್ನು ನೋಡಿದ್ದಾರೆ.

ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಪೂರ್ತಿ ವಿಡಿಯೊ ಮತ್ತೆ ನೋಡಿದೆ. ವಯಸ್ಸಾದ ಹೆಂಗಸೊಬ್ಬರು ಸಿಂಹಾಸನದ ಮೇಲೆ ರಾಣಿಯ ಹಾಗೆ ಕೂತಿರುವ ಜಾಗ ಬಂತು. "ಈ ಅಜ್ಜಿ ಯಾರು?" ಅಂತ ಕೇಳಿದಳು. ಈ ಬರಹ ಶುರುವಾಗಿದ್ದು ಆ ಪ್ರಶ್ನೆಯಿಂದ.

ಅವರು ವಳ್ಳಿಯಮ್ಮ. ಹಾಡಿನ ಸಾಹಿತ್ಯ ಬರೆದು, ಗಾಯಕಿ ಧೀ ಜೊತೆ ಹಾಡಿದ ಅರಿವು ಅವರ ಸ್ವಂತ ಅಜ್ಜಿ. ಶ್ರೀಲಂಕಾದ ಟೀ ತೋಟದಲ್ಲಿ ದುಡಿದು ಬಂದವರು. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಭೂಮಿ ಇಲ್ಲದ ಜನರನ್ನು ಅಲ್ಲಿಗೆ ಕೂಲಿಗೆ ಕರೆದೊಯ್ದರು. ಕಾಡು ಕಡಿದು ತೋಟ ಮಾಡಿದವರು ಅವರೇ. ಶ್ರೀಲಂಕಾದಲ್ಲಿ 1948ರ ಪೌರತ್ವ ಕಾಯ್ದೆ ಬಂದಾಗ ಅವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಎರಡು ದೇಶಗಳ ಪ್ರಧಾನಿಗಳಾಗಿದ್ದ ಶಾಸ್ತ್ರಿ ಮತ್ತು ಸಿರಿಮಾವೋ ಸಹಿ ಹಾಕಿದ ಒಪ್ಪಂದದಲ್ಲಿ 5,25,000 ಜನರನ್ನು ಭಾರತಕ್ಕೆ ಕಳಿಸುವುದು ಅಂತ ತೀರ್ಮಾನವಾಯಿತು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರು ಕಡೆಗೂ ಬಂದವು. ಅಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಇವತ್ತಿಗೂ ಅವರ ಮಕ್ಕಳು, ಮೊಮ್ಮಕ್ಕಳು ಕೆಲಸ ಮಾಡುತ್ತಾರೆ. ಹಾಗಾಗಿ ಇದು ಪಕ್ಕದ ರಾಜ್ಯದವರ ಕಥೆ ಅಂತ ದೂರ ಇಡಲು ನನಗಂತೂ ಆಗಲಿಲ್ಲ.

ಹಾಡಿನ ಒಳಗೊಂದು ಒಪ್ಪಾರಿ ಇದೆ. ಒಪ್ಪಾರಿ ಅಂದರೆ ಸತ್ತವರ ಮುಂದೆ ಹಾಡಿಕೊಂಡು ಅಳುವುದು. ನಮ್ಮ ಹಳ್ಳಿಗಳಲ್ಲೂ ಹೆಂಗಸರು ಹೀಗೆ ಅಳುತ್ತಾರಲ್ಲ, ಹಾಗೆ. ಐದು ಮರ ಬೆಳೆಸಿದೆ, ಚೆಂದದ ತೋಟ ಮಾಡಿದೆ, ತೋಟ ಸೊಂಪಾದರೂ ನನ್ನ ಗಂಟಲು ಮಾತ್ರ ನೆನೆಯಲಿಲ್ಲ ಅನ್ನುತ್ತದೆ ಆ ಸಾಲು. ಅಷ್ಟೆಲ್ಲ ಬಣ್ಣ, ಕುಣಿತದ ನಡುವೆ ಒಂದು ಸಾವಿನ ಮನೆ ಇದೆ.

ಬಹಳಷ್ಟು ಜನ ಇದನ್ನು ಪ್ರಕೃತಿಯ ಹಾಡು ಅಂತ ಕೇಳಿದರು. ನಾನೂ ಮೊದಲು ಹಾಗೇ ಕೇಳಿದ್ದೆ. ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಹೇಳಿದ್ದು ಇದನ್ನೇ. ಮಾಡಿದವರು ತುಂಬಿಟ್ಟ ಅರ್ಥವೇ ನೋಡುವವರಿಗೆ ಸಿಗಬೇಕು ಅಂತೇನಿಲ್ಲ. ಕೆಲವರು ಅದನ್ನು ಹಾಗೇ ಒಪ್ಪುತ್ತಾರೆ, ಕೆಲವರು ಅರ್ಧ ಒಪ್ಪುತ್ತಾರೆ, ಕೆಲವರು ತಿರುಗಿ ಬೀಳುತ್ತಾರೆ. ಆದರೆ ಇಲ್ಲಿ ಆಗಿದ್ದಕ್ಕೆ ಈ ಮೂರೂ ಸಾಲದು ಅನ್ನಿಸುತ್ತದೆ. ಹಕ್ಕಿ ಕೂಗುವ ಮೂವತ್ತು ಸೆಕೆಂಡು ಮಾತ್ರ ರೀಲ್ಸ್‌ಗೆ ಹೋಯಿತು. ಅಳು ಹಿಂದೆ ಉಳಿಯಿತು. ಆ ರೀಲ್ಸ್ ನೋಡಿದವರು ಅರ್ಥವನ್ನು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಅವರ ತನಕ ಅದು ಬರಲೇ ಇಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಫ್ರಾನ್ಸಿನ ಸಾಹಿತ್ಯ ಚಿಂತಕ ಜೆರಾರ್ ಜೆನೆಟ್ 1987ರಲ್ಲಿ ಒಂದು ಪುಸ್ತಕ ಬರೆದರು. ಮುಖಪುಟ, ಹೆಸರು, ಮುನ್ನುಡಿ, ಹೀಗೆ ಕೃತಿಯ ಸುತ್ತ ಇರುವ ಎಲ್ಲದರ ಬಗ್ಗೆ. ಅದರ ಫ್ರೆಂಚ್ ಹೆಸರಿಗೆ ಕನ್ನಡದಲ್ಲಿ 'ಹೊಸ್ತಿಲುಗಳು' ಅನ್ನಬಹುದು. ಒಳಗೆ ಹೋಗುವ ಮೊದಲು ನಾವು ದಾಟುವ ಜಾಗ. ಅದು ನಮ್ಮ ಓದನ್ನು ಮೊದಲೇ ಒಂದು ಕಡೆ ತಿರುಗಿಸಿರುತ್ತದೆ. ಹೊಸ್ತಿಲು ಅಂದರೆ ಏನು ಅಂತ ಈ ದೇಶದಲ್ಲಿ ಬಿಡಿಸಿ ಹೇಳಬೇಕಾ? ಯಾರು ಒಳಗೆ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಅಂತ ತೀರ್ಮಾನವಾಗುತ್ತಿದ್ದ ಜಾಗ ಅದು.

ಈಗ ಆ ವಿಡಿಯೊದ ಹೆಸರು ಓದಿ. ಮೊದಲು ಧೀ. ಆಮೇಲೆ 'ಫೀಚರಿಂಗ್' ಅರಿವು. ಕೊನೆಗೆ ನಿರ್ಮಾಣ ಅಂತ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್. ಒಳಗೆ ಅಜ್ಜಿ ಸಿಂಹಾಸನದ ಮೇಲಿದ್ದಾರೆ. ಹೊಸ್ತಿಲಲ್ಲಿ ಮೊಮ್ಮಗ ಅತಿಥಿ.

ಸಂಗೀತದ ವ್ಯಾಪಾರದಲ್ಲಿ ಅತಿಥಿ ಕಲಾವಿದರಿಗೆ 'ಫೀಚರಿಂಗ್' ಅನ್ನುವುದು ಮಾಮೂಲಿ, ಗೊತ್ತು. ಯಾರೋ ಬೇಕಂತಲೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಧೀ ಹಾಡಿರುವುದು ನನಗೆ ತುಂಬ ಇಷ್ಟ. ಆದರೆ ಆ ಒಂದು ಪದ ಮುಂದೆ ಏನೇನು ಮಾಡಿತು ನೋಡಿ. 2021ರ ಆಗಸ್ಟ್‌ನಲ್ಲಿ ಸಂಗೀತ ಪತ್ರಿಕೆ 'ರೋಲಿಂಗ್ ಸ್ಟೋನ್ ಇಂಡಿಯಾ' ಮುಖಪುಟದಲ್ಲಿ ಧೀ ಮತ್ತು ರ‍್ಯಾಪರ್ ಶಾನ್ ವಿನ್ಸೆಂಟ್ ಡಿ ಪಾಲ್ ಇದ್ದರು, ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಪ್ರಶ್ನಿಸಿದರು. 2022ರ ಜುಲೈನಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಹಾಡು ಮೊಳಗಿತು, ವೇದಿಕೆಯಲ್ಲಿ ಅರಿವು ಇರಲಿಲ್ಲ. ರಾಗ, ಪದ ಎರಡೂ ನನ್ನದೇ ಅಂತ ಅವರು ಬರೆದುಕೊಂಡರು. ಹಾಡು ಮೂವರೂ ಸೇರಿ ಕಟ್ಟಿದ್ದು ಅಂತ ಸಂತೋಷ್ ಉತ್ತರ ಕೊಟ್ಟರು. ಯಾವ ಸ್ವರ ಯಾರದು ಅಂತ ತೀರ್ಪು ಕೊಡಲು ನಾನು ಅಲ್ಲಿರಲಿಲ್ಲ. ಆದರೆ ಕಥೆ ಯಾರ ಮನೆಯದು ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. 2024ರಲ್ಲಿ ಸಂತೋಷ್ ಅವರೇ, ಮೂವರಿಗೂ ಇದರಿಂದ ಒಂದು ರೂಪಾಯಿ ಆದಾಯವೂ ಬಂದಿಲ್ಲ ಅಂದರು. ತೋಟ ಸೊಂಪಾಗಿತ್ತು.

ಓದುವ ದಿನಗಳಲ್ಲಿ ನನಗೆ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಅಂದರೆ ಪ್ರಾಣ. ಲೇಖಕ ಸತ್ತ, ಅವನನ್ನು ಹುಡುಕಬೇಡಿ, ಕೃತಿ ಓದುಗರದ್ದು ಅನ್ನುವ ಮಾತು ಎಷ್ಟು ಹಗುರ ಅನ್ನಿಸಿತ್ತು! ಈಗ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಸಾಯಬೇಕಾದರೆ ಮೊದಲು ಹುಟ್ಟಿರಬೇಕು ಅಲ್ವಾ? ಒಪ್ಪಾರಿ ಹಾಡಿದ ಸಾವಿರಾರು ಹೆಂಗಸರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಅವರ ಪದಗಳನ್ನು 'ಜಾನಪದ' ಅಂತ ಒಂದೇ ಚೀಲಕ್ಕೆ ಹಾಕಿಟ್ಟಿದ್ದೇವೆ. ಜಾತಿ ವಿರೋಧಿ ಹಾಡುಗಳ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದಿಂದ ಬಂದ ಅರಿವು ಅಜ್ಜಿಯನ್ನು ಕ್ಯಾಮೆರಾ ಮುಂದೆ ಸುಮ್ನೆ ಕೂರಿಸಲಿಲ್ಲ. ಹಾಡಿನೊಳಗೇ ತನ್ನನ್ನು ವಳ್ಳಿಯಮ್ಮನ ಮೊಮ್ಮಗ ಅಂತ ಕರೆದುಕೊಂಡರು. ಯಾವ ಕಂಪನಿಯ ಹೆಸರುಪಟ್ಟಿಯೂ ಕೊಡದ ಗುರುತನ್ನು ತಾಳದೊಳಗೇ ಹೆಣೆದಿಟ್ಟರು. ಅದನ್ನು ಕತ್ತರಿಸಬೇಕಾದರೆ ಹಾಡನ್ನೇ ಕತ್ತರಿಸಬೇಕು.

"ಈ ಹಾಡು ಹೇಳ್ತಾ ಇದಾನಲ್ಲ, ಆ ಮಾಮನ ಅಜ್ಜಿ ಪುಟ್ಟಿ" ಅಂದೆ.

"ಅಜ್ಜಿ ಹೆಸರೇನು?"

"ಹಾಡಲ್ಲೇ ಇದೆ, ಕೇಳು" ಅಂತ ವಿಡಿಯೊ ಹಿಂದಕ್ಕೆ ಎಳೆದೆ. ಎರಡನೇ ಸಲಕ್ಕೆ ಅವಳಿಗೆ ಕೇಳಿಸಿತು.