ನವೆಂಬರ್ 1: ಅಲ್ಲಿ ರಜೆ, ಇಲ್ಲಿ ಕೆಲಸ

ಕರ್ನಾಟಕಕ್ಕೂ ಕೇರಳಕ್ಕೂ ಹುಟ್ಟುಹಬ್ಬ ಒಂದೇ ದಿನ, 1956ರ ನವೆಂಬರ್ 1. ಆದರೆ ಕೊಚ್ಚಿಯಲ್ಲಿರುವ ನನಗೆ ಆ ದಿನ ರಜೆ ಇಲ್ಲ. ಇಲ್ಲಿ ಕೇರಳಪ್ಪಿರವಿಗೆ, ಅಂದರೆ ಕೇರಳದ ಹುಟ್ಟುಹಬ್ಬಕ್ಕೆ, ಸರ್ಕಾರಿ ರಜೆಯೇ ಇಲ್ಲ. ಊರಲ್ಲಿರುವ ಗೆಳೆಯರು ಹಾಸಿಗೆಯಿಂದ ಏಳದೆಯೇ ವಾಟ್ಸಾಪಿನಲ್ಲಿ ಹಳದಿ ಕೆಂಪು ಬಾವುಟ ಕಳಿಸುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಈಗ ಕೇಳಿದರೆ, ನಾಡಿನ ಹಬ್ಬದ ದಿನ ಕಚೇರಿ ತೆರೆದಿರುವುದೇ ಸರಿ ಅನ್ನುತ್ತೇನೆ.

ಆ ತಾರೀಕಿಗೆ ಪಾಲುದಾರರು ಜಾಸ್ತಿ. ರಾಜ್ಯಗಳ ಮರುವಿಂಗಡಣೆ ಜಾರಿಗೆ ಬಂದದ್ದು ಅಂದೇ ಆದ್ದರಿಂದ ಆಂಧ್ರಕ್ಕೂ ಮಧ್ಯಪ್ರದೇಶಕ್ಕೂ ಅದೇ ಹುಟ್ಟುಹಬ್ಬ. ಹರಿಯಾಣ 1966ರಲ್ಲಿ, ಛತ್ತೀಸಗಢ 2000ದಲ್ಲಿ ಹುಟ್ಟಿದ್ದೂ ನವೆಂಬರ್ 1ರಂದೇ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದ್ದೂ ಅದೇ ವರ್ಷ, ಅದೇ ದಿನ. ಕ್ವಿಜ್ ನಡೆಸುವವರಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಸಿಗಲಿಕ್ಕಿಲ್ಲ.

ಕೊಚ್ಚಿಯಲ್ಲಿ ಅಂದು ಹೆಂಗಸರು ಜರಿ ಅಂಚಿನ ಕಸವು ಸೀರೆ ಉಟ್ಟು ಬರುತ್ತಾರೆ, ಗಂಡಸರು ಮುಂಡು ಅನ್ನುವ ಪಂಚೆ. ಒಂದಷ್ಟು ಫೋಟೊ, ಒಂದು ಟೀ. ಸರ್ಕಾರಿ ಕಚೇರಿಗಳಲ್ಲಿ ಭಾಷಾ ಪ್ರತಿಜ್ಞೆ ಓದಿ, ಮತ್ತೆ ಫೈಲು ಬಿಚ್ಚುತ್ತಾರೆ. ಅಂದಿನಿಂದ ಏಳು ದಿನ ಆಡಳಿತ ಭಾಷಾ ವಾರ. ಬೀದಿಯಲ್ಲಿ ಮಾತ್ರ ಏನೂ ಇಲ್ಲ. ಅದು ನನಗೆ ಬೇಜಾರು. ಬೆಂಗಳೂರಿನ ಆಟೊ ಸ್ಟ್ಯಾಂಡುಗಳ ಧ್ವಜಾರೋಹಣ, ಭುವನೇಶ್ವರಿಯ ಮೆರವಣಿಗೆ, ಬೀದಿಯಲ್ಲೇ ನಿಂತು ತಿನ್ನುವ ಬಿಸಿ ಕೇಸರಿಬಾತು, ರಾತ್ರಿ ಆರ್ಕೆಸ್ಟ್ರಾ, ಅದೂ ತಿಂಗಳು ಪೂರ್ತಿ... ಇದೆಲ್ಲ ಇಲ್ಲಿಲ್ಲ.

ಯಾಕೆ ಹೀಗೆ ಅಂತ ಯೋಚಿಸಿದ್ದೇನೆ. ಮಲಯಾಳಿಗಳಿಗೆ ಓಣಂ ಇದೆ. ಜಾತಿ ಧರ್ಮ ನೋಡದೆ ಇಡೀ ರಾಜ್ಯ ಆಚರಿಸುವ ಹಬ್ಬ ಅದು. ಸಂಭ್ರಮವೆಲ್ಲ ಅಲ್ಲೇ ಮುಗಿದಿರುತ್ತದೆ. ನಮಗೆ ದಸರಾ ನಾಡಹಬ್ಬವಾದರೂ ಅದರ ಮೆರುಗೆಲ್ಲ ಮೈಸೂರಿನದು. ಬೀದರಿನವರೂ ಕೊಡಗಿನವರೂ ಒಟ್ಟಿಗೆ ನಮ್ಮದು ಅನ್ನಬಹುದಾದ ದಿನ ರಾಜ್ಯೋತ್ಸವ. ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು, ಹಳೆ ಮೈಸೂರು ಅಂತ ಹರಿದು ಹಂಚಿಹೋಗಿದ್ದವರು ನಾವು. ಒಂದಾದ ಮೇಲೂ ಕರ್ನಾಟಕ ಅನ್ನುವ ಹೆಸರಿಗೆ ಹದಿನೇಳು ವರ್ಷ ಕಾದೆವು. ಕೇರಳಕ್ಕೆ ಹೆಸರು ಮೊದಲ ದಿನವೇ ಸಿಕ್ಕಿತ್ತು, ಆದರೆ ಮುಖ್ಯಮಂತ್ರಿಯೇ ಇರಲಿಲ್ಲ! ಅಂದು ಅಲ್ಲಿ ರಾಷ್ಟ್ರಪತಿ ಆಳ್ವಿಕೆ. ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರ ಬಂದದ್ದು 1957ರ ಏಪ್ರಿಲ್‌ನಲ್ಲಿ.

ಹಾಗಾಗಿ ನಮ್ಮ ಗದ್ದಲ ನನಗೆ ಅತಿ ಅನಿಸುವುದಿಲ್ಲ. ನವೆಂಬರ್ ಕನ್ನಡಿಗ ಅನ್ನುವ ಹಳೇ ಲೇವಡಿಯೂ ಇಷ್ಟವಿಲ್ಲ. ಒಂದು ತಿಂಗಳಾದರೂ ಆದರು, ಬಿಡಿ. ನನ್ನ ತಕರಾರು ರಜೆಯ ಮೇಲೆ. ಬ್ಯಾಂಕಿನ ಕೌಂಟರಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕನ್ನಡ ನಡೆಯಬೇಕು ಅನ್ನುತ್ತೇವೆ. ಅದನ್ನು ಪರೀಕ್ಷಿಸಲು ಅತಿ ಒಳ್ಳೆಯ ದಿನವೇ ಅವುಗಳಿಗೆ ಬೀಗ. ಬಾಗಿಲು ತೆರೆದಿಟ್ಟು, ಅಂದು ಬಂದ ಪ್ರತಿ ಅರ್ಜಿಗೂ ಕನ್ನಡದಲ್ಲೇ ಉತ್ತರ ಕೊಡಲಿ. ಸಂಜೆ ಆರ್ಕೆಸ್ಟ್ರಾ ಇದ್ದೇ ಇದೆಯಲ್ವಾ?

ಆದರೆ ಈ ಮಾತನ್ನು ಕಾಸರಗೋಡಿನ ಕನ್ನಡಿಗರ ಮುಂದೆ ಆಡುವುದು ಕಷ್ಟ. ಅದೇ 1956ರ ನವೆಂಬರ್ 1ರಂದು ಅವರ ಊರು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಅಂತ 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಹೇಳಿತು, ಆಗಲಿಲ್ಲ. ಕಚೇರಿ ತೆರೆದಿಟ್ಟು ಭಾಷೆ ನಡೆಸುವ, ನಾನು ಮೆಚ್ಚುವ ಮಲಯಾಳದ ಶಿಸ್ತು ಅಲ್ಲಿಗೆ ಹೋದಾಗ ಬೇರೆಯೇ ಆಗುತ್ತದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಮೇಷ್ಟ್ರುಗಳನ್ನು ಹಾಕಿದ್ದಕ್ಕೂ ಪ್ರತಿಭಟನೆ ನಡೆದಿದೆ. ನಮ್ಮ ಕಡೆಯೂ ಸಾಚಾ ಏನಲ್ಲ: ಬೆಳಗಾವಿಯಲ್ಲಿ, ಊರು ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಅದೇ ನವೆಂಬರ್ 1ರಂದು ಕರಾಳ ದಿನ ಆಚರಿಸುತ್ತದೆ, ನಾವು ಅದನ್ನು ಬರೀ ಪೊಲೀಸ್ ಬಂದೋಬಸ್ತಿನ ಸುದ್ದಿಯಾಗಿ ಓದಿ ಪುಟ ತಿರುಗಿಸುತ್ತೇವೆ.