ಬೇಡ ಅನ್ನೋಕಾದರೂ ಒಬ್ಬರು ಬೇಕಲ್ವಾ?

ನಾನು ಲಾಸ್ ಏಂಜಲೀಸ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಮೆಟ್ರೋ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಆದರೆ ಸ್ಟೇಷನ್ ಸುತ್ತ ನೋಡಿದರೆ ಒಂದೇ ಅಂತಸ್ತಿನ ಮನೆಗಳು, ಮುಂದೆ ಅಚ್ಚುಕಟ್ಟಾದ ಹುಲ್ಲು. ಬಾಡಿಗೆ ಏರಿಸಿದ ಕಾಗದ ಬಂದಾಗಲೆಲ್ಲ ಆ ಹುಲ್ಲು ನೋಡಿ ಹೊಟ್ಟೆ ಉರಿಯುತ್ತದೆ.

ಹಾಗಾಗಿ 2025ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸೆನೆಟರ್ ಸ್ಕಾಟ್ ವೀನರ್ ಎಸ್‌ಬಿ 79 ಎಂಬ ಮಸೂದೆ ತಂದಾಗ ನನಗೆ ಖುಷಿಯೋ ಖುಷಿ. ಸ್ಟೇಷನ್ನಿನಿಂದ ಅರ್ಧ ಮೈಲಿ ಒಳಗೆ ಅಪಾರ್ಟ್‌ಮೆಂಟ್ ಕಟ್ಟಬಹುದು. ದೊಡ್ಡ ಸ್ಟೇಷನ್ನಿನ ಪಕ್ಕದಲ್ಲೇ ಆದರೆ ಒಂಬತ್ತು ಅಂತಸ್ತಿನವರೆಗೂ ಹೋಗಬಹುದು. ಊರಿನ ಝೋನಿಂಗ್, ಅಂದರೆ ಎಲ್ಲಿ ಏನು ಕಟ್ಟಬಹುದು ಎಂಬ ನಿಯಮ, ಬೇಡ ಅಂದರೂ ನಡೆಯುತ್ತದೆ.

ನಮ್ಮ ಸಿಟಿ ಕೌನ್ಸಿಲ್ ಏನು ಮಾಡಿತು ಗೊತ್ತಾ? ಆಗಸ್ಟ್ 19ರಂದು 8–5 ಮತಗಳಿಂದ ಇದಕ್ಕೆ ನಮ್ಮ ವಿರೋಧ ಎಂದು ನಿರ್ಣಯ ಮಾಡಿತು. ನಿರ್ಣಯ ತಂದದ್ದು ಟ್ರೇಸಿ ಪಾರ್ಕ್ ಎಂಬ ಸದಸ್ಯೆ. ಆಗಿನ ಮೇಯರ್ ಕ್ಯಾರೆನ್ ಬಾಸ್ ಕೂಡ ಅದೇ ಕಡೆ ಇದ್ದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಅವತ್ತು ರಾತ್ರಿ ಅನ್ನಕ್ಕೆ ಇಟ್ಟದ್ದು ಮರೆತು ಕುಕ್ಕರ್ ತಳ ಹಿಡಿಯಿತು.

ತಮಾಷೆ ಏನೆಂದರೆ ರಾಜ್ಯದ ಕಾನೂನು ಮಾಡುವುದು ರಾಜಧಾನಿ ಸ್ಯಾಕ್ರಮೆಂಟೊದಲ್ಲಿ. ಕೌನ್ಸಿಲ್‌ಗೆ ಅಲ್ಲಿ ಒಂದು ವೋಟೂ ಇಲ್ಲ. ಆದರೂ ಇಲ್ಲಿ ಇದು ಮಾಮೂಲಿ ಕೆಲಸ. ಯಾರೋ ಒಬ್ಬ ಸದಸ್ಯರು ನಿರ್ಣಯ ಬರೆಯುತ್ತಾರೆ. ಅಧಿಕಾರಿಗಳು ಮಸೂದೆ ಓದಿ ಒಂದು ವರದಿ ಕೊಡುತ್ತಾರೆ. ಸಾಮಾನ್ಯವಾಗಿ ಅದು ಮೊದಲು ರೂಲ್ಸ್ ಕಮಿಟಿಗೆ, ಆಮೇಲೆ 15 ಜನರ ಕೌನ್ಸಿಲ್‌ಗೆ. ನಿಲುವು ಪರ ಇರಬಹುದು, ವಿರೋಧ ಇರಬಹುದು, ಇಲ್ಲವೇ 'ತಿದ್ದಿದರೆ ಸರಿ, ತಿದ್ದದಿದ್ದರೆ ವಿರೋಧ' ಅನ್ನಬಹುದು. ಪಾಸಾದರೆ ಅದು ಇಡೀ ಊರಿನ ಮಾತು. ಅದನ್ನು ಹೊತ್ತು ಸ್ಯಾಕ್ರಮೆಂಟೊದಲ್ಲಿ ಓಡಾಡುವುದಕ್ಕೆ ಸಿಟಿ ಆಡಳಿತದ ಜನ ಇದ್ದಾರೆ.

ಇಂಥದ್ದೊಂದು ಸಭೆಗೆ ನಾನೂ ಒಮ್ಮೆ ಹೋಗಿದ್ದೆ. 72 ಗಂಟೆ ಮೊದಲೇ ಅಜೆಂಡಾ ಹಾಕಬೇಕು, ಜನರಿಗೆ ಮಾತಾಡಲು ಬಿಡಬೇಕು ಎನ್ನುವುದು 1953ರ ಬ್ರೌನ್ ಆ್ಯಕ್ಟ್ ಎಂಬ ರಾಜ್ಯದ ಕಾನೂನು. ಮೈಕ್ ಮುಂದೆ ನಿಂತೆ, ಒಂದು ನಿಮಿಷ ಸಿಕ್ಕಿತು. ನಮಸ್ಕಾರ ಹೇಳಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇಪ್ಪತ್ತು ಸೆಕೆಂಡ್ ಹೋಗಿತ್ತು. ಕಮಿಟಿಯವರಲ್ಲಿ ಒಬ್ಬರು ಮೊಬೈಲ್ ನೋಡುತ್ತಿದ್ದರು. ಹೋಗಲಿ ಬಿಡಿ, ನನ್ನ ಮಾತು ಅಂಥ ಚೆನ್ನಾಗೇನೂ ಇರಲಿಲ್ಲ.

ಕೊನೆಗೆ ಊರಿನ ವಿರೋಧ ನಡೆಯಲಿಲ್ಲ. ಗವರ್ನರ್ ನ್ಯೂಸಮ್ ಅಕ್ಟೋಬರ್ 10ರಂದು ಸಹಿ ಹಾಕಿದರು. ಜಾರಿಯ ದಿನ 2026ರ ಜುಲೈ 1. ಹಲ್ಲಿಲ್ಲದ ಹಾವು ಸುಮ್ನೆ ಬುಸ್ ಅಂದ ಹಾಗಾಯಿತು ಎಂದು ಗೆಳೆಯನೊಬ್ಬ ನಕ್ಕ. ಗೆದ್ದದ್ದು ನನ್ನ ಕಡೆಯೇ, ಆದರೂ ನನಗೆ ನಗು ಬರಲಿಲ್ಲ.

ಯಾಕೆಂದರೆ ಅದೇ ದಿನಗಳಲ್ಲಿ ನನ್ನೂರು ಬೆಂಗಳೂರನ್ನು ಐದು ತುಂಡು ಮಾಡುತ್ತಿದ್ದರು. ಗ್ರೇಟರ್ ಬೆಂಗಳೂರು ಮಸೂದೆ ಮಾರ್ಚ್‌ನಲ್ಲಿ ಪಾಸಾಗಿತ್ತು. ಸೆಪ್ಟೆಂಬರ್ 2ಕ್ಕೆ ಐದು ಕಾರ್ಪೊರೇಷನ್ ಆದವು. ಒಡೆದದ್ದು ಸರಿಯೋ ತಪ್ಪೋ, ಅದು ಬೇರೆ ಜಗಳ. ಊರಿನ ಪರವಾಗಿ ಹೂಂ ಅಥವಾ ಊಹೂಂ ಅನ್ನಬೇಕಾದವರು ಎಲ್ಲಿದ್ದರು? ಬಿಬಿಎಂಪಿಯ 198 ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಆಮೇಲೆ ಚುನಾವಣೆಯೇ ಆಗಿರಲಿಲ್ಲ, ಆಡಳಿತಾಧಿಕಾರಿಯ ಕಾರುಬಾರು. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕಿತ್ತು. ಶಾಸಕರ ಜಂಟಿ ಸಮಿತಿ ಜನರ ಮಾತು ಕೇಳಿತು, ಇಲ್ಲ ಅನ್ನುವುದಿಲ್ಲ. ಆದರೆ ಕೇಳಿದವರೂ ಶಾಸಕರೇ, ಕೈ ಎತ್ತಿದವರೂ ಶಾಸಕರೇ. ಕಾರ್ಪೊರೇಟರ್ ಇಲ್ಲದಿದ್ದರೆ ವಾರ್ಡಿನಲ್ಲೂ ತಾವೇ ರಾಜರು ಅನ್ನುವುದು ಅವರಿಗೆ ಗೊತ್ತಿಲ್ಲವೇ?

ಇಲ್ಲಿ ಲಾಸ್ ಏಂಜಲೀಸ್‌ನಲ್ಲಿ ನನಗೆ ಬೇಡವಾದ ಕಡೆ ವೋಟು ಹಾಕಿದ ಎಂಟು ಜನರ ಹೆಸರು ಕಡತದಲ್ಲಿದೆ. ಮುಂದಿನ ಚುನಾವಣೆಯಲ್ಲಿ ಯಾರ ಮೇಲೆ ಮುನಿಸಿಕೊಳ್ಳಬೇಕು ಎನ್ನುವುದಾದರೂ ಗೊತ್ತು.

ಕಳೆದ ವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಮನೆ ಮುಂದಿನ ಮೋರಿ ಮತ್ತೆ ಕಟ್ಟಿಕೊಂಡಿದೆಯಂತೆ. ಯಾರಿಗೆ ಹೇಳಿದಿರಿ ಅಂದೆ. "ಇನ್ಯಾರಿಗೆ ಹೇಳ್ಲಿ, ನಮ್ಮ ಕಾರ್ಪೊರೇಟ್ರಿಗೆ" ಅಂದರು. ಅವರು ಮಾಜಿಯಾಗಿ ಐದು ವರ್ಷದ ಮೇಲಾಯಿತು ಅಪ್ಪಾ ಅಂದೆ. "ಗೊತ್ತು ಕಣೋ. ಫೋನ್ ಎತ್ತೋದು ಅವರೊಬ್ಬರೇ."