ಮೀಸೆ ನೋಡಿ ಟೀಮ್ ಆರಿಸಬೇಡಿ

ಕಾಸರಗೋಡಿನ ಫುಟ್‌ಬಾಲ್ ಬೆಳೆಯಬೇಕಾದರೆ ಎತ್ತರ, ವೇಗ ಇರುವ ಹುಡುಗರನ್ನು 13ನೇ ವಯಸ್ಸಿಗೇ ಆರಿಸಿ ಬೇರೆ ತರಬೇತಿ ಕೊಡಬೇಕು ಅಂತ ಲೇಖಕರೊಬ್ಬರು ಬರೆದಿದ್ದಾರೆ. ಒಪ್ಪುವುದು ಕಷ್ಟ ಸಾರ್.

ಹುಡುಗರು ಸರ್ರನೆ ಉದ್ದವಾಗುವುದು ಹೆಚ್ಚಾಗಿ 13-14ರಲ್ಲಿ. ಕೆಲವರಿಗೆ 12ಕ್ಕೇ ಶುರು, ಕೆಲವರಿಗೆ 15 ಆಗಬೇಕು. ಉಪ್ಪಳದ ಕಡೆ ಗದ್ದೆಯಲ್ಲಿ ಸಂಜೆ ಆಟ ನೋಡಿ. ಒಂದೇ ಕ್ಲಾಸಿನ ಇಬ್ಬರು. ಒಬ್ಬನಿಗೆ ಮೀಸೆ ಚಿಗುರಿದೆ, ಇನ್ನೊಬ್ಬನ ಜೆರ್ಸಿ ಮೊಣಕಾಲು ಮುಟ್ಟುತ್ತದೆ. ದೊಡ್ಡವನು ಚೆಂಡು ಮುಂದೆ ತಳ್ಳಿ ಓಡಿದರೆ ಸಾಕು, ಗೋಲು. ಸಣ್ಣವನಿಗೆ ಆ ದಾರಿ ಇಲ್ಲ. ದೊಡ್ಡವನು ಮೈಮೇಲೆ ಬೀಳುವ ಮೊದಲೇ ತಲೆ ಎತ್ತಿ ನೋಡಿ ಪಾಸ್ ಕೊಡಲೇಬೇಕು. ನನ್ನ ಕಣ್ಣಿಗೆ ನಿಜವಾಗಿ ಆಟ ಕಲಿಯುತ್ತಿರುವುದು ಅವನೇ. ಸೆಲೆಕ್ಷನ್ ದಿನ ಮನೆಗೆ ಹೋಗುವವನೂ ಅವನೇ, ಅಲ್ವಾ?

ಫ್ರಾನ್ಸಿನ ಆಟಗಾರ ಗ್ರೀಜ್‌ಮನ್‌ನನ್ನೂ ಗಿಡ್ಡ ಅಂತ ಅಲ್ಲಿನ ಕ್ಲಬ್‌ಗಳು ಬೇಡ ಎಂದಿದ್ದವು. ಸ್ಪೇನಿನ ರಿಯಲ್ ಸೊಸಿಯೆಡಾಡ್ ಕ್ಲಬ್ ಕರೆದುಕೊಂಡಿತು. 2018ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಪರ ಗೋಲು ಹೊಡೆದ. ಇಂಗ್ಲೆಂಡಿನ ಅಕಾಡೆಮಿಗಳು ಈಗ ಕೆಲವು ಪಂದ್ಯಗಳಿಗೆ ವಯಸ್ಸು ಬಿಟ್ಟು ಮೈ ಎಷ್ಟು ಬೆಳೆದಿದೆ ನೋಡಿ ಗುಂಪು ಮಾಡುತ್ತವೆ. ಆಗ ದೊಡ್ಡವನಿಗೂ ಸುಮ್ನೆ ತಳ್ಳಿ ಗೆಲ್ಲಲು ಆಗುವುದಿಲ್ಲ. ನಮ್ಮಲ್ಲಿ ಇದಕ್ಕೆ ಖರ್ಚೇನೂ ಜಾಸ್ತಿ ಇಲ್ಲ, ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಡಬೇಕು, ಅಷ್ಟೇ.

ಇನ್ನೊಂದು. ಉದ್ದವಾಗುವ ವರ್ಷ ಮಂಡಿಚಿಪ್ಪಿನ ಕೆಳಗೆ ನೋವು ಎಂದರೆ ಅದು ಸೋಮಾರಿತನ ಅಲ್ಲ. ಓಟ, ಜಿಗಿತ ಕಡಿಮೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಸೀಸನ್ ಅಂತ ದಿನಾ ಇಳಿಸಬೇಡಿ.